ಗೃಹಕೃತ್ಯವೂ ಕಾಯಕವೇ

ಬೀದರ ಜಿಲ್ಲೆಯ ಮನ್ನಾಏಖೇಳ್ಳಿಯಲ್ಲಿ ಕೋಳಿ ಕೂಗುವ ಮೊದಲೇ ಏಳತಕ್ಕವಳು ಮನೆಯ ಹೆಂಗಸು. ಅಂಗಳ ಗುಡಿಸಿ, ನೀರು ಹೊತ್ತು, ಕುಳ್ಳು ತಟ್ಟಿ, ಜೋಳದ ರೊಟ್ಟಿ ಬಡಿದು ಹೊಲಕ್ಕೆ ಬುತ್ತಿ ಕಟ್ಟುವವಳು ಅವಳು. ರಾತ್ರಿ ಎಲ್ಲರೂ ಉಂಡು ಮಲಗಿದ ಮೇಲೆ ಒಲೆಯನ್ನು ಸಾರಿಸಿ ಕಡೆಗೆ ಮಲಗುವವಳೂ ಅವಳೇ. ಆದರೆ ಖಾನೇಷುಮಾರಿಯ ಗುಮಾಸ್ತನು ಬಾಗಿಲಿಗೆ ಬಂದು, ಈಕೆಯ ಕೆಲಸವೇನೆಂದು ಕೇಳಿದರೆ, ಬರುವ ಉತ್ತರವೊಂದೇ: “ಏನೂ ಇಲ್ಲ, ಮನೆಯಲ್ಲಿರುತ್ತಾಳೆ.” ಗುಮಾಸ್ತನೂ ಅಷ್ಟನ್ನೇ ಬರೆದುಕೊಳ್ಳುವನು.

ಇದು ಗುಮಾಸ್ತನ ತಪ್ಪಲ್ಲ, ಶಾಸ್ತ್ರದ ತಪ್ಪು. 2011ರ ಜನಗಣತಿಯ ನಿರೂಪಣೆಯಂತೆ, ಕೂಲಿ ಇರಲಿ ಇಲ್ಲದಿರಲಿ, ಆರ್ಥಿಕವಾಗಿ ಉತ್ಪಾದಕವಾದುದೇ ಕೆಲಸ. ಹೊಲದಲ್ಲಿ ಕೂಲಿಯಿಲ್ಲದೆ ದುಡಿದ ಮನೆಯವರೂ ಕೆಲಸಗಾರರೇ. ಮನೆಯ ಬಳಕೆಗೆಂದೇ ಹಾಲು ಕರೆದರೂ ಅದು ಕೆಲಸ. ಆ ಹಾಲನ್ನು ಕಾಯಿಸಿ ಕೂಸಿಗೆ ಕುಡಿಸಿದರೆ ಕೆಲಸವಲ್ಲ! ಪರರ ಮನೆಯಲ್ಲಿ ಕೂಲಿಗೆ ರೊಟ್ಟಿ ಬಡಿದವಳು ದುಡಿಯುವವಳು. ತನ್ನ ಮನೆಯಲ್ಲಿ ಬಡಿದವಳು ನಿರುದ್ಯೋಗಿ. ಒಬ್ಬನು ತನ್ನ ಮನೆಗೆಲಸದವಳನ್ನು ಮದುವೆಯಾದರೆ ರಾಷ್ಟ್ರದ ಆದಾಯವು ಕುಗ್ಗುವುದೆಂಬ ಈ ವಿಪರೀತವನ್ನು ಆಂಗ್ಲ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿಯೇ ಎತ್ತಿ ತೋರಿಸಿದ್ದನು.

ಇಂಥ ಅಳತೆಯಿಂದ 2011ರಲ್ಲಿ ಗೃಹಕೃತ್ಯವೇ ತಮ್ಮ ಮುಖ್ಯ ಉದ್ಯೋಗವೆಂದ ಸುಮಾರು 16 ಕೋಟಿ ಸ್ತ್ರೀಯರು ಕೆಲಸಗಾರರಲ್ಲದವರ ಸಾಲಿಗೆ ಸೇರಿದರು. 2001ರ ಗಣತಿಯು ಗೃಹಿಣಿಯರನ್ನು ಭಿಕ್ಷುಕರ, ಸೆರೆಯಾಳುಗಳ ಜೊತೆಯಲ್ಲಿ ಕೂಡಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಖಂಡಿಸಿತು. ಸರಕಾರಕ್ಕೆ ಸತ್ಯಾಂಶ ತಿಳಿಯದೆಂದು ಹೇಳುವಂತಿಲ್ಲ. ಅದರ ಅಂಕಿಅಂಶ ಕಚೇರಿಯೇ 2024ರಲ್ಲಿ ನಡೆಸಿದ ಸಮಯ ವಿನಿಯೋಗದ ಸಮೀಕ್ಷೆಯಂತೆ, ಮನೆಗೆಲಸದಲ್ಲಿ ತೊಡಗುವ ಹೆಂಗಸು ಅದಕ್ಕೆ ದಿನಕ್ಕೆ 289 ನಿಮಿಷಗಳನ್ನು ಸವೆಸುತ್ತಾಳೆ, ಗಂಡಸು 88ನ್ನು. ಜಿನೀವಾದಲ್ಲಿ 2013ರಲ್ಲಿ ಕೂಡಿದ ಕಾರ್ಮಿಕ ಅಂಕಿಅಂಶಜ್ಞರ ಅಂತರರಾಷ್ಟ್ರೀಯ ಸಮ್ಮೇಳನವೂ ಸ್ವಂತ ಮನೆಗಾಗಿ ಮಾಡಿದ ಸೇವೆಯು ಕೆಲಸವೇ ಎಂದು ನಿರ್ಣಯಿಸಿತು. ಅದನ್ನು ‘ಉದ್ಯೋಗ’ದಿಂದ ಮಾತ್ರ ಬೇರ್ಪಡಿಸಿತು. ಹಾಗಿರಲು, ಒಂದು ಕೈಯಿಂದ ನಿಮಿಷಗಳನ್ನೆಣಿಸಿ ಇನ್ನೊಂದು ಕೈಯಿಂದ ‘ಕೆಲಸವಿಲ್ಲ’ ಎಂದು ಬರೆಯುವುದು ಯಾವ ನ್ಯಾಯ?

ಮಮತೆಗೆ ಬೆಲೆ ಕಟ್ಟಬಾರದೆಂದು ಕೆಲವರು ಆಕ್ಷೇಪಿಸುವರು. ಬೆಲೆ ಕಟ್ಟುವುದು ಬೇರೆ, ಎಣಿಸುವುದು ಬೇರೆ. ಒಕ್ಕಲಿಗನಿಗೂ ತನ್ನ ಹೊಲದ ಮೇಲೆ ಮಮತೆಯುಂಟು. ಆದುದರಿಂದ ಅವನು ದುಡಿಯುವುದಿಲ್ಲವೆಂದು ಯಾರಾದರೂ ಅಂದದ್ದುಂಟೆ? ಕರ್ನಾಟಕದಲ್ಲಿ 2023ರಿಂದ ಗೃಹಲಕ್ಷ್ಮಿ ಯೋಜನೆಯ ಮೂಲಕ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಗೊತ್ತಾಯಿತು. ಒಳ್ಳೆಯದೇ. ಆದರೆ ನೆರವು ಕೈಯೊಡ್ಡಿಸುತ್ತದೆ, ಮನ್ನಣೆ ತಲೆಯೆತ್ತಿಸುತ್ತದೆ. ಎಣಿಕೆಗೆ ಬಾರದ ದುಡಿಮೆಗೆ ನಲ್ಲಿಯೂ ಬಾರದು, ಶಿಶುವಿಹಾರವೂ ಬಾರದು, ವಿಶ್ರಾಂತಿಯೂ ಬಾರದು.

ಮನ್ನಾಏಖೇಳ್ಳಿಗೆ ಕಲ್ಯಾಣವು ದೂರದ ನಾಡಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಶರಣರು ಮಡಿವಾಳನ, ಅಂಬಿಗನ, ಕಟ್ಟಿಗೆ ಮಾರುವವನ ದುಡಿಮೆಯನ್ನೆಲ್ಲ ಕಾಯಕವೆಂದು ಕರೆದರು. ಮಾರಯ್ಯನು ಅಕ್ಕಿಯನ್ನು ಆಯ್ದು ತಂದರೆ ಲಕ್ಕಮ್ಮನು ಅದನ್ನು ಅಟ್ಟು ದಾಸೋಹ ನಡೆಸಿದಳು. ಬೇಕಾದುದಕ್ಕಿಂತ ಹೆಚ್ಚು ತಂದಾಗ ಅವನನ್ನು ತಿದ್ದಿ ಹಿಂದಕ್ಕೆ ಕಳುಹಿದವಳೂ ಅವಳೇ. ಆಯ್ದವನದು ಕಾಯಕ, ಅಟ್ಟವಳದು ಏನೂ ಅಲ್ಲವೆಂದು ಕಲ್ಯಾಣದಲ್ಲಿ ಯಾರೂ ಹೇಳಲಿಲ್ಲ. ಇಂದಿನ ದಫ್ತರವು ಹೇಳುತ್ತಿದೆ. ಗಣತಿಯ ಕಾಗದದಿಂದ ಆ ‘ಏನೂ ಇಲ್ಲ’ ಅಳಿಯಬೇಕು. ಅದಕ್ಕೂ ಮೊದಲು, ಬಾಗಿಲಲ್ಲಿ ನಿಂತು ಉತ್ತರ ಕೊಡುವ ಗಂಡಸಿನ ನಾಲಗೆಯಿಂದ ಅಳಿಯಬೇಕು.