‘ಅಭಿಪ್ರಾಯಗಳು ವೈಯಕ್ತಿಕ’ ಎಂದು ಬರೆದುಕೊಂಡರೆ ಸಾಕೇ?

ಫೇಸ್‌ಬುಕ್, ಎಕ್ಸ್, ಲಿಂಕ್ಡ್‌ಇನ್ ಖಾತೆಗಳ ಪರಿಚಯದಲ್ಲಿ ಕಾಣುವ ಒಂದು ಸಾಲು ನಮಗೆಲ್ಲ ಗೊತ್ತು: ‘ಇಲ್ಲಿನ ಅಭಿಪ್ರಾಯಗಳು ವೈಯಕ್ತಿಕ’. ಅದನ್ನು ಬರೆದುಕೊಂಡರೆ ನೌಕರಿ ಕೊಟ್ಟವರು ಏನೂ ಕೇಳುವಂತಿಲ್ಲ ಎಂದು ಬಹಳ ಮಂದಿ ನಂಬಿದ್ದಾರೆ. ಆ ಸಾಲಿಗೆ ಅಂಥ ಶಕ್ತಿಯೇನೂ ಇಲ್ಲ. ಓದುವವರಿಗೆ ಅದೊಂದು ಸೂಚನೆ, ಅಷ್ಟೇ. ನೇಮಕದ ಕರಾರನ್ನಾಗಲಿ, ನಡತೆ ನಿಯಮಗಳನ್ನಾಗಲಿ ಅದು ಬದಲಿಸುವುದಿಲ್ಲ.

ಕಲಬುರಗಿಯಂಥ ಊರಿನಲ್ಲಿ ಇದು ದಿನನಿತ್ಯದ ಪ್ರಶ್ನೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯಡಿ ಈ ಭಾಗದವರಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಇದೆ. ಹಾಗಾಗಿ ಸ್ಪರ್ಧಾತ್ಮಕ ಪರೀಕ್ಷೆಗಳ ಪಾಠ ಕೇಳುವವರಿಗೆ ಇಲ್ಲಿ ಬರವಿಲ್ಲ. ಹಗಲು ಕಾಲೇಜಿನಲ್ಲಿ ಪಾಠ ಮಾಡಿ, ರಾತ್ರಿ ತಮ್ಮದೇ ಯೂಟ್ಯೂಬ್ ಚಾನೆಲ್ ನಡೆಸುವ ಒಬ್ಬ ಉಪನ್ಯಾಸಕರನ್ನು ಊಹಿಸಿಕೊಳ್ಳೋಣ. ಆ ವಿಡಿಯೋ ಯಾರದ್ದು?

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ನೌಕರಿಯ ಕೆಲಸದ ಭಾಗವಾಗಿ ಸಿದ್ಧವಾದ ಕೃತಿಯ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿ ಕೊಟ್ಟವರದ್ದು. ಕಾಲೇಜು ಹೇಳಿ ಮಾಡಿಸಿದ ಪಾಠದ ವಿಡಿಯೋ ಕಾಲೇಜಿನದು. ಮನೆಯಲ್ಲಿ, ಸ್ವಂತ ಸಮಯದಲ್ಲಿ, ಸ್ವಂತ ವಿಷಯದ ಮೇಲೆ ಮಾಡಿದ್ದು ಉಪನ್ಯಾಸಕರದ್ದು. ಜಗಳ ಹುಟ್ಟುವುದು ಇವೆರಡರ ನಡುವೆ: ಕಾಲೇಜಿಗಾಗಿ ಮಾಡಿದ ಸ್ಲೈಡುಗಳನ್ನೇ ರಾತ್ರಿಯ ಚಾನೆಲ್‌ನಲ್ಲಿ ತೋರಿಸಿದಾಗ. ಎರಡಕ್ಕೂ ಬೇರೆ ಬೇರೆ ಟಿಪ್ಪಣಿ ಬರೆಯುವುದು ಬೇಸರದ ಕೆಲಸವೇ, ಆದರೆ ಆಮೇಲಿನ ನೋಟಿಸಿಗಿಂತ ವಾಸಿ.

ಸರ್ಕಾರಿ ನೌಕರರಾದರೆ ಇನ್ನೊಂದು ಪದರ ಸೇರುತ್ತದೆ. ಕರ್ನಾಟಕದ ಸಿವಿಲ್ ಸೇವಾ ನಡತೆ ನಿಯಮಗಳು 2021ರಲ್ಲಿ ಹೊಸದಾಗಿ ಬಂದವು. ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಲು ಅವು ಬಿಡುವುದಿಲ್ಲ. ಕೇಂದ್ರದ ನೌಕರರಿಗೆ 1964ರ ನಿಯಮಗಳಿವೆ. ಅವುಗಳ ಪ್ರಕಾರ ಖಾಸಗಿ ವ್ಯಾಪಾರಕ್ಕೆ ಮುಂಚಿತ ಅನುಮತಿ ಬೇಕು. ಆದರೆ ಕೆಲಸಕ್ಕೆ ಅಡ್ಡಿಯಾಗದಂತೆ ಅಪರೂಪಕ್ಕೆ ಮಾಡುವ ಸಾಹಿತ್ಯ, ಕಲೆ, ವಿಜ್ಞಾನದ ಕೆಲಸಕ್ಕೆ ವಿನಾಯಿತಿ ಇದೆ. ವಾರಕ್ಕೆ ಮೂರು ವಿಡಿಯೋ ಹಾಕಿ ಜಾಹೀರಾತಿನ ಹಣ ಪಡೆಯುವುದನ್ನು ‘ಅಪರೂಪ’ ಎಂದು ವಾದಿಸುವುದು ಕಷ್ಟ. ಅರ್ಜಿ ಕೊಟ್ಟು, ಲಿಖಿತ ಉತ್ತರ ಪಡೆದು ಇಟ್ಟುಕೊಳ್ಳುವುದೇ ಲೇಸು.

ಹಾಗಾದರೆ ನೌಕರರು ಬಾಯಿ ಮುಚ್ಚಿಕೊಂಡೇ ಇರಬೇಕೇ? ಇದೂ ಇನ್ನೊಂದು ತಪ್ಪು ತಿಳಿವಳಿಕೆ. ಫೇಸ್‌ಬುಕ್ ಬರಹ ಮತ್ತು ರಾಜಕೀಯ ಸಭೆಗೆ ಹೋದ ಕಾರಣಕ್ಕೆ ಅಮಾನತಾಗಿದ್ದ ನೌಕರರೊಬ್ಬರ ಪ್ರಕರಣದಲ್ಲಿ ತ್ರಿಪುರಾ ಹೈಕೋರ್ಟ್ 2020ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು: ಸರ್ಕಾರಿ ಸೇವೆಗೆ ಸೇರಿದ ಮಾತ್ರಕ್ಕೆ ವಾಕ್ ಸ್ವಾತಂತ್ರ್ಯ ಹೋಗುವುದಿಲ್ಲ, ನಡತೆ ನಿಯಮಗಳ ಮಿತಿಯಲ್ಲಿ ಅದು ಉಳಿಯುತ್ತದೆ. ಖಾಸಗಿ ನೌಕರರಿಗೆ ಈ ಆಸರೆ ತೆಳು. ಅವರ ಮಟ್ಟಿಗೆ ನೇಮಕ ಪತ್ರದ ಕೊನೆಯ ಪುಟಗಳೇ ಸಂವಿಧಾನ, ಮತ್ತು ಆ ಪುಟಗಳನ್ನು ಓದಿ ಸಹಿ ಹಾಕುವವರು ಕಡಿಮೆ.

ಇನ್ನು ಹೆಸರಿನ ಮಾತು. ಕಲಬುರಗಿ ಪಕ್ಕದ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆ ಹೆಸರು ಯಾವ ಒಬ್ಬ ರೈತನ ಸ್ವತ್ತೂ ಅಲ್ಲ. ಅಲ್ಲಿ ಬೆಳೆದಷ್ಟು ಕಾಲ ಹೆಸರಿನ ಲಾಭ ಸಿಗುತ್ತದೆ, ಬೇರೆ ಕಡೆ ಬೆಳೆದ ಹಣ್ಣಿಗೆ ಆ ಹೆಸರಿಲ್ಲ. ಸಂಸ್ಥೆಯ ಹೆಸರೂ ಹೆಚ್ಚುಕಡಿಮೆ ಹೀಗೆಯೇ. ‘ಇಂಥ ಕಡೆ ಕೆಲಸ ಮಾಡುತ್ತೇನೆ’ ಎನ್ನಬಹುದು, ಆದರೆ ಖಾತೆಯ ಹೆಸರಿಗೇ ಸಂಸ್ಥೆಯನ್ನು ಅಂಟಿಸಿಕೊಂಡರೆ ಬಿಡುವಾಗ ತಕರಾರು. ಅಮೆರಿಕದಲ್ಲಿ ಫೋನ್‌ಡಾಗ್ ಎಂಬ ಸಂಸ್ಥೆ, ಕೆಲಸ ಬಿಟ್ಟ ನೋವಾ ಕ್ರಾವಿಟ್ಜ್ ಮೇಲೆ 2011ರಲ್ಲಿ ದಾವೆ ಹೂಡಿದ್ದು ಇದಕ್ಕೇ. ಅವರ ಟ್ವಿಟರ್ ಖಾತೆಯ ಹೆಸರಿನಲ್ಲಿ ಸಂಸ್ಥೆಯೂ ಇತ್ತು, ಹಿಂಬಾಲಕರು ಸುಮಾರು 17,000. ಒಬ್ಬ ಹಿಂಬಾಲಕನಿಗೆ ತಿಂಗಳಿಗೆ ಎರಡೂವರೆ ಡಾಲರ್ ಲೆಕ್ಕದಲ್ಲಿ ಸಂಸ್ಥೆ ಪರಿಹಾರ ಕೇಳಿತು! 2012ರಲ್ಲಿ ರಾಜಿಯಾಗಿ ಖಾತೆ ಕ್ರಾವಿಟ್ಜ್ ಬಳಿಯೇ ಉಳಿಯಿತು. ರಾಜಿಯಾದ್ದರಿಂದ, ಖಾತೆ ಯಾರದ್ದು ಎಂಬ ಪ್ರಶ್ನೆಗೆ ನ್ಯಾಯಾಲಯ ಉತ್ತರ ಕೊಡಲೇ ಇಲ್ಲ.

ನಿಮ್ಮ ಚಾನೆಲ್ ಕಚೇರಿಯ ಇಮೇಲಿನಿಂದ ತೆರೆದದ್ದಾದರೆ, ಕೆಲಸ ಬಿಟ್ಟ ದಿನ ಆ ಇಮೇಲ್ ಮುಚ್ಚುತ್ತದೆ, ಪಾಸ್‌ವರ್ಡ್ ಮರಳಿ ಪಡೆಯುವ ದಾರಿಯೂ ಅದರ ಜೊತೆ ಹೋಗುತ್ತದೆ. ಸ್ವಂತ ಇಮೇಲ್, ಸ್ವಂತ ಮೊಬೈಲ್ ಸಂಖ್ಯೆಗೆ ಅದನ್ನು ಬದಲಿಸಲು ಹತ್ತು ನಿಮಿಷ ಸಾಕು.