ಮರಗಳ ಎಣಿಕೆಯಲ್ಲಿ ಕಾಣೆಯಾದ ಕಾಡು

ನಮ್ಮ ಗ್ರಾಮ ಅರಣ್ಯ ಸಮಿತಿಯ ಸಭೆಯೊಂದರಲ್ಲಿ ಊರಿನ ಬೇಣಕ್ಕೆ ಬೇಗ ಬೆಳೆಯುವ ಹೊರಗಿನ ಮರ ಹಚ್ಚುವ ಪ್ರಸ್ತಾಪ ಬಂದಾಗ, ಹಿರಿಯರೊಬ್ಬರು ಎದ್ದುನಿಂತು ಬೇಡವೆಂದರು. ತಕ್ಷಣ ಬಂದ ಉತ್ತರ ಇದು: "ಬ್ರಿಟನ್ನಿನವರೇ ಬೋಳುಗುಡ್ಡಗಳಿಗೆ ಪರದೇಶದ ಮರ ತಂದು ನೆಟ್ಟು ಹಸಿರು ಮಾಡಿಕೊಂಡಿದ್ದಾರೆ. ನಮಗೇನು ಧಾಡಿ?" ಅಂದು ನನ್ನಲ್ಲಿ ಇದಕ್ಕೆ ತಕ್ಕ ಮಾತಿರಲಿಲ್ಲ. ಆಮೇಲೆ ವೇಲ್ಸ್ ನಾಡಿಗೆ ಹೋಗುವ ಅವಕಾಶ ಒದಗಿತು. ಅಲ್ಲಿಯ ಒಂದು ಕಾಡನ್ನೂ ಅದರ ಸುತ್ತಲಿನ ಗುಡ್ಡಗಳನ್ನೂ ಕಾಲ್ನಡಿಗೆಯಲ್ಲಿ ಸುತ್ತಿ ಬಂದೆ. ಉತ್ತರ ಈಗ ನನ್ನಲ್ಲಿದೆ.

ವೇಲ್ಸ್ ಬ್ರಿಟನ್ನಿನ ಪಶ್ಚಿಮ ಅಂಚಿನ ಗುಡ್ಡನಾಡು. ಅದರ ವಾಯವ್ಯದಲ್ಲಿ ಮೈನ್‌ಟೂರೊಗ್ ಎಂಬ ಹಳ್ಳಿಯ ಸಮೀಪ, ಒಂದು ಜಲವಿದ್ಯುದಾಗಾರದ ಮಗ್ಗುಲಲ್ಲಿಯೇ, ಕೋಯ್ಡ್ ವೆಲಿನ್‌ರೀಡ್ ಎಂಬ ಕಾಡಿದೆ. 'ಕೋಯ್ಡ್' ಎಂದರೆ ವೆಲ್ಷ್ ಭಾಷೆಯಲ್ಲಿ ಕಾಡು. ಮೇಲಿನ ಕಣಿವೆಗೆ ಅಣೆಕಟ್ಟು ಕಟ್ಟಿ, 1928ರಲ್ಲಿ ಇಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಶರಾವತಿಯ ಮಕ್ಕಳಿಗೆ ಈ ನೋಟ ಹೊಸದಲ್ಲ. ಹೊಸದೆಂದರೆ ಪಕ್ಕದ ಕೊರಕಲಿನಲ್ಲಿ ಉಳಿದುಕೊಂಡ ಕಾಡು. ಓಕ್, ಬರ್ಚ್, ಹೇಝಲ್ ಮರಗಳು, ಬಂಡೆಯೋ ಬೇರೋ ತಿಳಿಯದಂತೆ ಎಲ್ಲವನ್ನೂ ಹೊದ್ದ ಹಾವಸೆ, ಕೊಂಬೆಕೊಂಬೆಗೂ ಕಲ್ಲುಹೂವು. ಒಂದೇ ಜೀವಕೋಶದಷ್ಟು ತೆಳುವಾದ ಎಲೆಯ ಜರಿಗಿಡವನ್ನು ಅಲ್ಲಿ ಕಂಡೆ. ಗಾಳಿ ಒಣಗಿದರೆ ಅದೂ ಒಣಗುತ್ತದೆ. ನಮ್ಮ ಘಟ್ಟದ ಹಳ್ಳಗಳ ನೆರಳಿನಲ್ಲಿಯೂ ಇದರ ದಾಯಾದಿಗಳಿವೆ.

ವಿಜ್ಞಾನಿಗಳು ಇದನ್ನು ಸಮಶೀತೋಷ್ಣ ಮಳೆಕಾಡು ಎನ್ನುತ್ತಾರೆ. ವರ್ಷಕ್ಕೆ 1,400 ಮಿಲಿಮೀಟರಿಗಿಂತ ಹೆಚ್ಚು ಮಳೆ, ಇನ್ನೂರಕ್ಕೂ ಮಿಕ್ಕಿ ಮಳೆದಿನಗಳು ಇದರ ಲಕ್ಷಣ. ಆಗುಂಬೆಯವರಿಗೆ ಈ ಅಂಕಿ ಕೇಳಿ ನಗು ಬಂದೀತು. ಆದರೆ ಕಾಡನ್ನು ಕಾಯುವುದು ಮಳೆಯ ಮೊತ್ತಕ್ಕಿಂತ ಎಡೆಬಿಡದ ತೇವ. ವೇಲ್ಸಿನ ಮಧ್ಯಯುಗದ ಕಥಾಗುಚ್ಛವಾದ ಮಬಿನೋಗಿಯಲ್ಲಿ ಪ್ರಡೆರಿ ಎಂಬ ಅರಸ ಇದೇ ವೆಲಿನ್‌ರೀಡಿನ ಬಳಿ ಕಾದಾಡಿ ಮಡಿಯುತ್ತಾನೆ. ದೇವರಕಾಡುಗಳಿಗೆ ಕಥೆಯಿರುವಂತೆ ಈ ಕಾಡಿಗೂ ಕಥೆಯಿದೆ.

ಆದರೆ ಇದನ್ನು ಉಳಿಸಿದ್ದು ಕಥೆಯಲ್ಲ, ಕೊರಕಲು. ಕೊಡಲಿಗೂ ಕುರಿಗೂ ಸುಲಭಕ್ಕೆ ನಿಲುಕದ ಇಳಿಜಾರು ಅದು. ಕೊರಕಲಿನಿಂದ ಮೇಲೇರಿದರೆ ಕಾಣುವ, ಪ್ರವಾಸಿಗರು ಮುಗಿಬಿದ್ದು ಚಿತ್ರ ತೆಗೆಯುವ ನುಣುಪಾದ ಹಸಿರು ಗುಡ್ಡಗಳು ವಾಸ್ತವದಲ್ಲಿ ಕಾಡು ಕಳೆದುಕೊಂಡ ಗುಡ್ಡಗಳು. ಜನಸಂಖ್ಯೆಯ ಎರಡು ಪಟ್ಟಿಗೂ ಮಿಕ್ಕಿ ಕುರಿಗಳಿರುವ ನಾಡಿನಲ್ಲಿ ಓಕ್ ಸಸಿ ಎರಡನೆಯ ಎಲೆ ಬಿಡುವ ಮೊದಲೇ ಕುರಿಯ ಬಾಯಿ ಸೇರುತ್ತದೆ.

ಆ ಹಸಿರಿನ ನಡುವೆ ಅಲ್ಲಲ್ಲಿ, ಗೆರೆ ಕೊರೆದಂತೆ ಚೌಕವಾಗಿ, ಕಪ್ಪುಗಟ್ಟಿದ ತೋಪುಗಳಿವೆ. ನಮ್ಮ ಸಭೆಯಲ್ಲಿ ಹೊಗಳಿದ್ದು ಇವುಗಳನ್ನೇ. ಇವುಗಳ ಚರಿತ್ರೆಯನ್ನು ವಿದ್ಯಾರ್ಥಿ ಮಿತ್ರರು ಗಮನಿಸಬೇಕು. ಮೊದಲನೆಯ ಮಹಾಯುದ್ಧದಲ್ಲಿ ಕಲ್ಲಿದ್ದಲ ಗಣಿಗೆ ಆನಿಕೆ ಕೊಡುವ ಮರಕ್ಕೂ ಬ್ರಿಟನ್ ಪರದಾಡಿತು. 1919ರಲ್ಲಿ ಅರಣ್ಯ ಆಯೋಗ ಹುಟ್ಟಿತು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಸಿಟ್ಕಾ ಸ್ಪ್ರೂಸ್ ಅದರ ಅಚ್ಚುಮೆಚ್ಚಿನ ಮರವಾಯಿತು. ನೆಟ್ಟದ್ದೆಲ್ಲಿ? ಬೇಲಿ ಹಾಕಿದ ಗದ್ದೆಗೂ ಗುಡ್ಡದ ನೆತ್ತಿಗೂ ನಡುವಿನ ಮೇವಿನ ಜಾಗದಲ್ಲಿ. ವೆಲ್ಷ್ ರೈತರು ಅದನ್ನು 'ಫ್ರೀದ್' ಎನ್ನುತ್ತಾರೆ. ನಾವು ಬೇಣ ಎನ್ನುತ್ತೇವೆ. ಬೇಣ ಯಾರ ಲೆಕ್ಕದಲ್ಲಿಯೂ 'ಕಾಡು' ಅಲ್ಲದ್ದರಿಂದ ಎರಡೂ ಕಡೆ ಅದು ಪಾಳು ಎನಿಸಿಕೊಂಡಿತು. ಅಷ್ಟೇ ಅಲ್ಲ, ಹಲವೆಡೆ ಹಳೆಯ ಓಕ್ ಕಾಡುಗಳನ್ನೇ ಕಡಿದು ಅದೇ ನೆಲದಲ್ಲಿ ಸ್ಪ್ರೂಸ್ ನೆಟ್ಟರು.

ಈ ವಿದ್ಯೆಗೂ ನಮಗೂ ನಂಟಿದೆ. ಭಾರತದ ಅರಣ್ಯ ಇಲಾಖೆಯ ಮುಖ್ಯಸ್ಥನಾಗಿದ್ದ ವಿಲಿಯಂ ಶ್ಲಿಕ್ 1885ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ಅರಣ್ಯಶಾಸ್ತ್ರದ ಬೋಧನೆಯನ್ನು ಕಟ್ಟಿದ. 1905ರಲ್ಲಿ ಆ ಶಾಲೆ ಆಕ್ಸ್‌ಫರ್ಡಿಗೆ ಸೇರಿತು. ಕಾಡನ್ನು ಘನ ಅಡಿಗಳಲ್ಲಿ ಅಳೆಯುವ ಒಂದೇ ಗರಡಿಯಲ್ಲಿ ಎರಡೂ ದೇಶದ ಅಧಿಕಾರಿಗಳು ಪಳಗಿದರು. ಆದ್ದರಿಂದ 'ಅವರನ್ನು ನೋಡಿ ಕಲಿಯಿರಿ' ಎನ್ನುವ ಉಪದೇಶದಲ್ಲಿ ಹೊಸತೇನಿಲ್ಲ. ನಾವು ಕಲಿತದ್ದೂ ಅವರು ಕಲಿತದ್ದೂ ಒಂದೇ ತಪ್ಪನ್ನು.

ಅಂಕಿ ನೋಡಿದರೆ ಇದು ಗೆಲುವಿನ ಕಥೆ. ಶತಮಾನದ ಹಿಂದೆ ಶೇಕಡಾ 5ರ ಆಸುಪಾಸಿನಲ್ಲಿದ್ದ ವೇಲ್ಸಿನ ಮರದ ಹೊದಿಕೆ ಇಂದು ಶೇಕಡಾ 15ರಷ್ಟಿದೆ. ಆದರೆ ಅದರಲ್ಲಿ ಸುಮಾರು ಅರ್ಧ ಶಂಕುಮರಗಳ ನೆಡುತೋಪು. ಕ್ರಿ.ಶ. 1600ರಿಂದಲೂ ಮರ ಇದ್ದ ನೆಲವೆಂದು ಗುರುತಿಸಲಾದ 'ಪುರಾತನ ಕಾಡು' ಉಳಿದಿರುವುದು ನಾಡಿನ ಶೇಕಡಾ 5ಕ್ಕಿಂತ ಕಡಿಮೆ ಭಾಗದಲ್ಲಿ, ಅದರೊಳಗೂ ನೆಡುತೋಪುಗಳಿವೆ. ಸ್ಪ್ರೂಸ್ ತೋಪನ್ನು ಹೊಕ್ಕು ನೋಡಿದೆ. ಹಗಲಲ್ಲೇ ಕತ್ತಲೆ. ನೆಲದಲ್ಲಿ ಸೂಜಿಯೆಲೆಗಳ ತರಗು ಬಿಟ್ಟರೆ ಹುಲ್ಲಿನ ಎಸಳೂ ಇಲ್ಲ. ಕಾರ್ಖಾನೆಗಳ ಹೊಗೆಯಲ್ಲಿದ್ದ ಗಂಧಕವನ್ನು ಆ ಸೂಜಿಯೆಲೆಗಳು ಹಿಡಿದಿಟ್ಟು ಮಳೆಯೊಡನೆ ಕೆಳಗಿಳಿಸಿದ್ದರಿಂದ ತೋಪಿನ ಹಳ್ಳಗಳ ನೀರು ಹುಳಿಯೇರಿ ಮೀನು ನಾಶವಾದದ್ದನ್ನು 1980ರ ದಶಕದಲ್ಲಿ ಅಲ್ಲಿಯ ವಿಜ್ಞಾನಿಗಳೇ ದಾಖಲಿಸಿದರು.

ಈಗ ಅವರು ಏನು ಮಾಡುತ್ತಿದ್ದಾರೆ? ನೆಟ್ಟದ್ದನ್ನು ಹಣ ಸುರಿದು ತೆಗೆಯುತ್ತಿದ್ದಾರೆ! ಪುರಾತನ ಕಾಡಿನ ನೆಲದಲ್ಲಿ ನೆಟ್ಟ ಶಂಕುಮರಗಳನ್ನು ಹಂತಹಂತವಾಗಿ ವಿರಳಗೊಳಿಸುತ್ತಾರೆ. ಒಮ್ಮೆಗೇ ಕಡಿದರೆ ಬಿಸಿಲಿಗೆ ಮುಳ್ಳುಕಂಟಿ ಮುತ್ತಿಕೊಂಡು ಓಕ್ ಸಸಿ ಏಳುವುದಿಲ್ಲ. ಶ್ರೀಮಂತರು ಅಲಂಕಾರಕ್ಕೂ ಬೇಟೆಯ ಹಕ್ಕಿಗಳ ಮರೆಗೂ ತಂದು ನೆಟ್ಟ ರೋಡೊಡೆಂಡ್ರಾನ್ ಅಲ್ಲಿಯ ಲಂಟಾನ. ಅದನ್ನು ಕೀಳಲು 2018ರಿಂದ ದೊಡ್ಡ ಯೋಜನೆಯನ್ನೇ ಕೈಗೊಂಡರು. ಕುರಿಗಳನ್ನು ಪೂರ್ತಿ ಹೊರಗಿಟ್ಟರೂ ಕಾಡು ಕೆಡುತ್ತದೆ, ಕಂಟಿ ಬೆಳೆದು ಕಲ್ಲುಹೂವಿಗೆ ಬೆಳಕು ತಪ್ಪುತ್ತದೆ ಎಂದರಿತು, ಮಿತವಾಗಿ ದನಗಳನ್ನು ಬಿಡುತ್ತಾರೆ. ದನಕರುಗಳೇ ಕಾಡಿನ ವೈರಿಗಳೆಂದು ನಮಗೆ ಬೋಧಿಸುವವರು ಇದನ್ನು ಓದಲಿ. 1987ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹಿಗಳು ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಸಸಿ ನೆಟ್ಟಾಗ ಅದು ಕಾನೂನುಭಂಗವೆನಿಸಿತ್ತು. ಅದೇ ತತ್ತ್ವ ಇಂದು ವೇಲ್ಸಿನಲ್ಲಿ ಸರ್ಕಾರದ ನೀತಿ.

ಆದರೆ ಎಣಿಕೆಯ ಚಟ ಅಲ್ಲಿಯೂ ಬಿಟ್ಟಿಲ್ಲ. ರೈತರು ಸಹಾಯಧನ ಪಡೆಯಬೇಕಾದರೆ ಜಮೀನಿನ ಶೇಕಡಾ 10ರಷ್ಟು ಮರ ಇರಲೇಬೇಕೆಂಬ ನಿಯಮವನ್ನು ವೇಲ್ಸ್ ಸರ್ಕಾರ ಮುಂದಿಟ್ಟಿತು. 2024ರ ಮಾರ್ಚಿನಲ್ಲಿ ರೈತರು ಕಾರ್ಡಿಫ್‌ನ ಶಾಸನಸಭೆಯ ಮೆಟ್ಟಿಲ ಮೇಲೆ 5,500 ಜೊತೆ ಗಂಬೂಟುಗಳನ್ನು ಸಾಲಾಗಿಟ್ಟು ಪ್ರತಿಭಟಿಸಿದರು. ಅದೇ ನವೆಂಬರಿನಲ್ಲಿ ಆ ಕಡ್ಡಾಯವನ್ನು ಕೈಬಿಡಲಾಯಿತು. ರೈತರೆಲ್ಲರೂ ಕಾಡಿನ ವಿರೋಧಿಗಳೆಂದು ನಾನು ಭಾವಿಸಲಾರೆ. ಇಂಗಾಲದ ಲೆಕ್ಕ ಸರಿದೂಗಿಸಲು ಹೊರಗಿನ ಕಂಪನಿಗಳು ತಮ್ಮ ನೆರೆಯ ಜಮೀನುಗಳನ್ನು ಕೊಂಡು ಮರ ನೆಡುವುದನ್ನು ಅವರು ಕಂಡಿದ್ದಾರೆ. ಹಾಗೆಂದು ಕುರಿಯ ಹಿಂಡು ನಿರ್ದೋಷಿಯೂ ಅಲ್ಲ. ಊರಿನವರೊಡನೆ ಕುಳಿತು ಎಲ್ಲಿ ಕಾಡು, ಎಲ್ಲಿ ಮೇವು ಎಂದು ತೀರ್ಮಾನಿಸುವ ಕಷ್ಟದ ಕೆಲಸವನ್ನು ತಪ್ಪಿಸಿಕೊಳ್ಳಲು ಶೇಕಡಾವಾರು ಒಂದು ಸುಲಭದ ಒಳದಾರಿ, ಅಷ್ಟೇ.

ನಮ್ಮಲ್ಲಿ ಆ ಒಳದಾರಿ ಹೆದ್ದಾರಿಯಾಗಿದೆ. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ನೆಲದಲ್ಲಿ ಶೇಕಡಾ 10ರಷ್ಟು ಮರದ ನೆರಳಿದ್ದರೆ, ಯಾವ ಜಾತಿಯ ಮರವೇ ಆಗಲಿ, ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ವರದಿಗೆ ಅದು 'ಅರಣ್ಯ ಹೊದಿಕೆ'. ಅಕೇಶಿಯಾ ತೋಪೂ ರಬ್ಬರ್ ತೋಟವೂ ಹಳೆಯ ಕಾನೂ ಒಂದೇ ತಕ್ಕಡಿಯಲ್ಲಿ! ಈ ತಕ್ಕಡಿಯಲ್ಲಿ ಕಾನು ಹೋಗಿ ತೋಪು ಬಂದರೂ ಮುಳ್ಳು ಅಲುಗುವುದಿಲ್ಲ.

ಕಾಗದವೂ ದಿಮ್ಮಿಯೂ ಬೇಡವೆಂದು ನಾನು ಹೇಳುತ್ತಿಲ್ಲ. ನೆಡುತೋಪು ಒಂದು ಬೆಳೆ. ಅದನ್ನು ಬೆಳೆಯೆಂದೇ ಬರೆಯಿರಿ, ಕಾಡಿನ ಖಾತೆಗೆ ಜಮೆ ಮಾಡಬೇಡಿ. ಬೇಣ, ಸೊಪ್ಪಿನಬೆಟ್ಟಗಳು ಪಾಳಲ್ಲ. ಅವುಗಳ ವಿಷಯದಲ್ಲಿ ಊರಿನ ಮಾತೇ ಮೊದಲ ಮಾತಾಗಲಿ. ಕಾನಿನ ತುಣುಕು ಉಳಿದಿರುವಲ್ಲಿ ಬೆಂಕಿ ತಡೆದು, ಮೇವಿಗೆ ಮಿತಿ ಹಾಕಿ ಕಾದರೆ ಸಸಿ ತಾನೇ ಏಳುತ್ತದೆ. ವೇಲ್ಸಿನವರಿಗೆ ಈ ತಿಳಿವಳಿಕೆ ಬರಲು ನೂರು ವರ್ಷ ಬೇಕಾಯಿತು, ಅಷ್ಟರಲ್ಲಿ ಕೊರಕಲುಗಳಷ್ಟೇ ಉಳಿದಿದ್ದವು. ಮುಂದಿನ ಸಭೆಯಲ್ಲಿ ಯಾರಾದರೂ ಬ್ರಿಟನ್ನಿನ ಹಸಿರನ್ನು ಹೊಗಳಿದರೆ ಕೇಳಿ: ನೀವು ಹೇಳುತ್ತಿರುವುದು ಅವರು ನೆಟ್ಟ ಹಸಿರೋ, ಈಗ ಕೀಳುತ್ತಿರುವ ಹಸಿರೋ? ಉತ್ತರ ಸಿಗುವ ತನಕ ರುಜು ಹಾಕಬೇಡಿ.