ಹೊರಗುತ್ತಿಗೆ ನೌಕರರ ಸಂಬಳಕ್ಕೆ ಏಜೆನ್ಸಿಗಳ ಕತ್ತರಿ: ಸಂಘದ ಖಂಡನಾ ಹೇಳಿಕೆ

ರಾಜ್ಯದ ಸರ್ಕಾರಿ ಆಸ್ಪತ್ರೆ, ವಿದ್ಯಾರ್ಥಿನಿಲಯ, ಕಚೇರಿ, ನಿಗಮ ಮಂಡಳಿಗಳಲ್ಲಿ ಹೊರಗುತ್ತಿಗೆ ಆಧಾರದ ಮೇಲೆ ದುಡಿಯುತ್ತಿರುವ ನೌಕರರ ಸಂಬಳದಿಂದ ‘ಸೇವಾ ಶುಲ್ಕ’, ‘ನೋಂದಣಿ ಶುಲ್ಕ’, ‘ನವೀಕರಣ ಶುಲ್ಕ’ ಎಂಬ ಹೆಸರುಗಳಲ್ಲಿ ಮಾನವ ಸಂಪನ್ಮೂಲ ಏಜೆನ್ಸಿಗಳು ಹಣ ಕಿತ್ತುಕೊಳ್ಳುತ್ತಿರುವುದನ್ನು ನಮ್ಮ ಸಂಘದ ರಾಜ್ಯ ಕಾರ್ಯಕಾರಿ ಸಮಿತಿಯು ಉಗ್ರವಾಗಿ ಖಂಡಿಸುತ್ತದೆ. ಇದನ್ನು ಕಂಡೂ ಕಾಣದಂತೆ ಬಿಲ್ಲುಗಳಿಗೆ ಸಹಿ ಹಾಕುತ್ತಿರುವ ಇಲಾಖಾಧಿಕಾರಿಗಳ ನಡೆಯನ್ನೂ ಅಷ್ಟೇ ಬಲವಾಗಿ ಖಂಡಿಸುತ್ತದೆ.

ಸಂಘಕ್ಕೆ ದೂರು ತಂದವರಲ್ಲಿ ವಿದ್ಯಾರ್ಥಿನಿಲಯವೊಂದರ ಅಡುಗೆ ಸಹಾಯಕಿಯೂ ಒಬ್ಬರು. ಬೆಳಗಿನ ಜಾವಕ್ಕೇ ಒಲೆ ಹಚ್ಚಿ, ರಾತ್ರಿ ಮಕ್ಕಳ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ಮನೆಗೆ ಹೋಗುವವರು. ಸಂಬಳ ಬ್ಯಾಂಕ್ ಖಾತೆಗೆ ಜಮೆಯಾದ ಸಂಜೆಯೇ ಏಜೆನ್ಸಿಯ ಮೇಲ್ವಿಚಾರಕನ ಫೋನು ಬರುತ್ತದೆ. ಅವನು ಹೇಳಿದ ನಂಬರಿಗೆ ಅವನು ಹೇಳಿದಷ್ಟು ಹಣ ಕಳಿಸಬೇಕು. ತಡವಾದರೆ, ‘ಮುಂದಿನ ತಿಂಗಳು ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರಿರಲ್ಲ ನೋಡು’ ಎಂಬ ಬೆದರಿಕೆ. ಅವರ ಪಿಎಫ್ ಖಾತೆಗೆ ಜೋಡಿಸಿರುವ ಮೊಬೈಲ್ ನಂಬರೂ ಮೇಲ್ವಿಚಾರಕನದೇ. ಹಣ ಕಟ್ಟಿದ್ದಾರೋ ಇಲ್ಲವೋ ಎಂದು ನೋಡಲು ಹೋದರೆ ಒಟಿಪಿ ಅವನ ಕೈಸೇರುತ್ತದೆ. ಬ್ಯಾಂಕಿನ ದಾಖಲೆಯಲ್ಲಿ ಮಾತ್ರ ಪೂರ್ತಿ ಸಂಬಳ ಕೊಟ್ಟಂತೆಯೇ ಇರುತ್ತದೆ.

ಕಡಿತದ ಲೆಕ್ಕವನ್ನು ಎಲ್ಲರೂ ಅರಿಯಲಿ. ತಿಂಗಳ ಕೂಲಿ 15,000 ರೂಪಾಯಿ ಎಂದಿಟ್ಟುಕೊಳ್ಳೋಣ. ನೌಕರರ ಪಾಲಿನ ಪಿಎಫ್ ಶೇ 12, ಅಂದರೆ 1,800 ರೂಪಾಯಿ. ಇಎಸ್‌ಐ ಶೇ 0.75, ಅಂದರೆ 113 ರೂಪಾಯಿ. ಇವೆರಡು ಕಳೆದು ಕೈಗೆ 13,087 ರೂಪಾಯಿ ಬರಬೇಕು. ಮಾಲೀಕರು ತಮ್ಮ ಜೇಬಿನಿಂದ ಕಟ್ಟಬೇಕಾದ ಪಿಎಫ್ ಪಾಲು 1,800 ಮತ್ತು ಶೇ 3.25ರ ಇಎಸ್‌ಐ ಪಾಲು 488 ರೂಪಾಯಿಯನ್ನೂ ನೌಕರರ ಕೂಲಿಯಿಂದಲೇ ಮುರಿದುಕೊಂಡರೆ ಉಳಿಯುವುದು 10,799. ಇದರ ಮೇಲೆ ಏಜೆನ್ಸಿಯ ‘ಶುಲ್ಕ’ ಬೇರೆ. ಮನೆ ಬಾಡಿಗೆ, ರೇಷನ್ನು, ಮಕ್ಕಳ ಫೀಸು ಎಲ್ಲವೂ ಈ ಉಳಿಕೆಯಲ್ಲೇ ನಡೆಯಬೇಕು.

ಈ ಸುಲಿಗೆ ಹುಟ್ಟುವುದು ಟೆಂಡರಿನಲ್ಲಿ. ಕನಿಷ್ಠ ವೇತನ, ಪಿಎಫ್, ಇಎಸ್‌ಐ ದರಗಳನ್ನು ಯಾವ ಏಜೆನ್ಸಿಯೂ ಇಳಿಸುವಂತಿಲ್ಲ. ಪೈಪೋಟಿ ನಡೆಯುವುದು ಸೇವಾ ಶುಲ್ಕವೊಂದರ ಮೇಲೆ. ಸೊನ್ನೆಗೆ ಹತ್ತಿರದ ದರ ಬರೆದವರ ಪಾಲಿಗೆ ಗುತ್ತಿಗೆ ಒಲಿಯುತ್ತದೆ. ಕಚೇರಿ ಬಾಡಿಗೆ, ಠೇವಣಿ, ಸಿಬ್ಬಂದಿ, ಓಡಾಟದ ಖರ್ಚೆಲ್ಲ ಇರುವಾಗ ಯಾರೂ ಪುಕ್ಕಟೆ ವ್ಯಾಪಾರ ಮಾಡಲಾರರು. ಆ ಸೊನ್ನೆಯನ್ನು ಮುಂದೆ ತುಂಬಿಕೊಡುವವರು ಕಸ ಗುಡಿಸುವವರು, ಡಾಟಾ ಎಂಟ್ರಿ ಮಾಡುವವರು, ರೋಗಿಗಳ ಸ್ಟ್ರೆಚರ್ ತಳ್ಳುವವರು. ಅಂಥ ದರವನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳುವ ಇಲಾಖೆ ಈ ಸುಲಿಗೆಯಲ್ಲಿ ಪಾಲುದಾರನೇ ಎಂಬುದು ನಮ್ಮ ಸಂಘದ ಸ್ಪಷ್ಟ ನಿಲುವು.

ಕಾನೂನಿನಲ್ಲಿ ಗೊಂದಲವೇನಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಹಲವು ಅಂಶಗಳಿಗೆ ನಮ್ಮ ವಿರೋಧವಿದೆ. ಆದರೂ ಅವುಗಳಲ್ಲಿರುವ ರಕ್ಷಣೆಯನ್ನು ಬಿಟ್ಟುಕೊಡಲು ನಾವು ತಯಾರಿಲ್ಲ. ನೌಕರರು ಮಾಲೀಕರಿಗೋ ಅವರ ಏಜೆಂಟರಿಗೋ ಕೊಟ್ಟ ಹಣವನ್ನೆಲ್ಲ ಸಂಬಳದ ಕಡಿತವೆಂದೇ ಪರಿಗಣಿಸಬೇಕೆಂದು ವೇತನ ಸಂಹಿತೆ, 2019 ಹೇಳುತ್ತದೆ. 1936ರ ವೇತನ ಪಾವತಿ ಕಾಯ್ದೆಯಲ್ಲೂ ಇದೇ ಮಾತಿತ್ತು. ಹಾಗಾಗಿ ಖಾತೆಗೆ ಪೂರ್ತಿ ಹಾಕಿ ಹಿಂಬಾಗಿಲಿನಿಂದ ವಸೂಲಿ ಮಾಡಿದರೂ ಅದು ಅಕ್ರಮ ಕಡಿತವೇ. ಮೂರು ವರ್ಷಗಳೊಳಗೆ ಕ್ಲೇಮು ಹಾಕಲು ಅವಕಾಶವಿದೆ. ಹಣ ವಾಪಸು ಕೊಡಿಸುವ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸುವ ಅಧಿಕಾರ ಕ್ಲೇಮು ವಿಚಾರಿಸುವ ಪ್ರಾಧಿಕಾರಕ್ಕಿದೆ. 50 ಅಥವಾ ಅದಕ್ಕಿಂತ ಹೆಚ್ಚು ಗುತ್ತಿಗೆ ಕಾರ್ಮಿಕರಿರುವ ಕಡೆ ಅನ್ವಯವಾಗುವ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯು, ಗುತ್ತಿಗೆದಾರರು ಕಾರ್ಮಿಕರಿಂದ ನೇರವಾಗಿಯಾಗಲೀ ಪರೋಕ್ಷವಾಗಿಯಾಗಲೀ ಯಾವುದೇ ಶುಲ್ಕ, ಕಮಿಷನ್ ಪಡೆಯುವುದನ್ನು ನಿಷೇಧಿಸಿದೆ. ಗುತ್ತಿಗೆದಾರ ಕೂಲಿ ಬಾಕಿ ಉಳಿಸಿದರೆ ಅಥವಾ ಕಡಿಮೆ ಕೊಟ್ಟರೆ ಅದನ್ನು ತುಂಬಿಕೊಡುವ ಹೊಣೆ ಮೂಲ ಮಾಲೀಕರದು. ಸರ್ಕಾರಿ ಕಚೇರಿಯಲ್ಲಿ ಆ ಮೂಲ ಮಾಲೀಕ ಸರ್ಕಾರವೇ.

‘ಕೆಲಸ ಕೊಡಿಸಿದ್ದೇವೆ, ಅದಕ್ಕೆ ಪ್ರತಿಫಲ ಬೇಡವೇ’ ಎಂದು ಏಜೆನ್ಸಿಗಳು ಕೇಳುತ್ತವೆ. ಸೇವೆ ಪಡೆದದ್ದು ಇಲಾಖೆ. ಪ್ರತಿಫಲವನ್ನು ಇಲಾಖೆಯಿಂದಲೇ ಕೇಳಲಿ. ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ವಸೂಲಿ ಮಾಡಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1997ರ ತನ್ನ 181ನೇ ಒಡಂಬಡಿಕೆಯಲ್ಲಿ ಹೇಳಿದೆ. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ ಎಂಬುದು ವಿಷಾದದ ಸಂಗತಿ.

ಮಧ್ಯವರ್ತಿಯಿಲ್ಲದೆ ಸಂಬಳ ಕೊಡಲಾಗದು ಎಂಬ ವಾದವೂ ಸುಳ್ಳು. ಬೆಂಗಳೂರಿನ ಪೌರಕಾರ್ಮಿಕರು ದೀರ್ಘ ಹೋರಾಟದಿಂದ ಗುತ್ತಿಗೆದಾರರನ್ನು ದಾಟಿ, ಪಾಲಿಕೆಯಿಂದಲೇ ನೇರ ಪಾವತಿ ಪಡೆಯುವಂತಾದರು. ಬೀದರ್ ಜಿಲ್ಲೆಯಲ್ಲಿ ಏಜೆನ್ಸಿಗಳ ಬದಲು ಕಾರ್ಮಿಕ ಸೇವೆಗಳ ಸಹಕಾರ ಸಂಘದ ಮೂಲಕ ಸಿಬ್ಬಂದಿ ಒದಗಿಸುವ ವ್ಯವಸ್ಥೆ ಬಂದಿದೆ. ದಾರಿ ಕಣ್ಣೆದುರಿಗಿದೆ, ಸರ್ಕಾರ ಹೆಜ್ಜೆ ಇಡಬೇಕು.

ಆದ್ದರಿಂದ ನಮ್ಮ ಸಂಘವು ಈ ಕೆಳಗಿನಂತೆ ಒತ್ತಾಯಿಸುತ್ತದೆ:

1. ಶುಲ್ಕ, ಕಮಿಷನ್ ಹೆಸರಿನಲ್ಲಿ ಹಿಡಿದ ಹಣವನ್ನೆಲ್ಲ ಏಜೆನ್ಸಿಗಳು ನೌಕರರ ಖಾತೆಗೆ ವಾಪಸು ಜಮೆ ಮಾಡಬೇಕು. ತಪ್ಪಿದಲ್ಲಿ ಇಲಾಖೆಯೇ ಕೊಟ್ಟು, ಏಜೆನ್ಸಿಯ ಠೇವಣಿಯಿಂದ ವಸೂಲಿ ಮಾಡಿಕೊಳ್ಳಬೇಕು.

2. ಹಿಂದಿನ ತಿಂಗಳ ವೇತನ ಚೀಟಿ, ಪಿಎಫ್ ಮತ್ತು ಇಎಸ್‌ಐ ಚಲನ್‌ಗಳನ್ನು ಪರಿಶೀಲಿಸದೆ ಏಜೆನ್ಸಿಯ ಬಿಲ್ಲಿಗೆ ಸಹಿ ಹಾಕಬಾರದು. ಹಾಕಿದ ಅಧಿಕಾರಿಯ ಮೇಲೆ ಇಲಾಖಾ ವಿಚಾರಣೆ ನಡೆಯಬೇಕು.

3. ವೆಚ್ಚಕ್ಕೂ ಸಾಲದ ಸೇವಾ ಶುಲ್ಕ ನಮೂದಿಸುವ ಟೆಂಡರುಗಳನ್ನು ತಿರಸ್ಕರಿಸಬೇಕು. ವಸೂಲಿ ಸಾಬೀತಾದ ಏಜೆನ್ಸಿಗಳನ್ನು ಕಪ್ಪುಪಟ್ಟಿಗೆ ಸೇರಿಸಬೇಕು.

4. ಪ್ರತಿ ನೌಕರರ ಪಿಎಫ್ ಖಾತೆಗೆ ಅವರದೇ ಮೊಬೈಲ್ ನಂಬರ್ ಜೋಡಿಸಲು ತಾಲ್ಲೂಕು ಮಟ್ಟದಲ್ಲಿ ಶಿಬಿರ ನಡೆಸಬೇಕು.

5. ದೂರು ಕೊಟ್ಟವರನ್ನು ಕೆಲಸದಿಂದ ತೆಗೆಯದಂತೆ ಲಿಖಿತ ಆದೇಶ ಹೊರಡಿಸಬೇಕು. ಏಜೆನ್ಸಿ ಬದಲಾದರೂ ಹಳೆಯ ನೌಕರರನ್ನೇ ಮುಂದುವರಿಸಬೇಕು.

6. ಕಾಯಂ ಸ್ವರೂಪದ ಕೆಲಸಗಳಲ್ಲಿ ಹಂತ ಹಂತವಾಗಿ ಏಜೆನ್ಸಿ ಪದ್ಧತಿಯನ್ನೇ ಕೈಬಿಟ್ಟು ನೇರ ಪಾವತಿ ಜಾರಿಗೆ ತರಬೇಕು.

ನೌಕರ ಬಂಧುಗಳಲ್ಲಿ ನಮ್ಮ ಮನವಿ ಇಷ್ಟೆ. ಹಣ ಕಳಿಸಿದ ಮೆಸೇಜುಗಳನ್ನು ಅಳಿಸಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟ್, ಹಾಜರಿ ಪುಟದ ಫೋಟೊ ಜೋಪಾನ ಮಾಡಿ. ಒಬ್ಬೊಬ್ಬರೇ ಹೋಗಿ ಕೇಳಿ ಕೆಲಸ ಕಳೆದುಕೊಳ್ಳಬೇಡಿ. ಸಂಘದ ಮೂಲಕ ಒಟ್ಟಾಗಿ ಕ್ಲೇಮು ಹಾಕೋಣ.

30 ದಿನಗಳೊಳಗೆ ಸರ್ಕಾರ ಕ್ರಮ ಕೈಗೊಳ್ಳದಿದ್ದರೆ ಎಲ್ಲ ಜಿಲ್ಲಾಧಿಕಾರಿ ಕಚೇರಿಗಳ ಮುಂದೆ ಧರಣಿ ಕೂರುವುದಾಗಿ ಸಂಘವು ಈ ಮೂಲಕ ಎಚ್ಚರಿಸುತ್ತದೆ.

ಅಧ್ಯಕ್ಷರು ಮತ್ತು ಪ್ರಧಾನ ಕಾರ್ಯದರ್ಶಿ
ರಾಜ್ಯ ಕಾರ್ಯಕಾರಿ ಸಮಿತಿಯ ಪರವಾಗಿ